ಅಣ್ಣನ ಗಿಟಾರು, ಅರಗಿನ ಹೊಳಪು



ಮೂವತ್ತೊಂದು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಇತಿಹಾಸವನ್ನು ಬೋಧಿಸಿದವನು ನಾನು. ಮಕ್ಕಳನ್ನು ಸೋಮನಾಥಪುರಕ್ಕೋ ಹಂಪೆಗೋ ಪ್ರವಾಸ ಕರೆದೊಯ್ದಾಗಲೆಲ್ಲ, "ಹಳೆಯದನ್ನು ಕಂಡೊಡನೆ ಕೈಯಿಡಬೇಡಿ, ಅದು ಏನು, ಯಾವುದರಿಂದ ಆದದ್ದು ಎಂಬುದನ್ನು ಮೊದಲು ತಿಳಿಯಿರಿ" ಎಂದು ಎಚ್ಚರಿಸುತ್ತಿದ್ದೆ. ಆ ಮಾತನ್ನು ನಾನೇ ಮರೆತು ಮಾಡಿದ ಒಂದು ಅವಿವೇಕವನ್ನೂ, ಅದರಿಂದಾಗಿ ಈ ಇಳಿವಯಸ್ಸಿನಲ್ಲಿ ನಾನು ಕಲಿಯಬೇಕಾಗಿ ಬಂದ ಒಂದಿಷ್ಟು ಇತಿಹಾಸವನ್ನೂ ಈ ಸಲ ನಿಮ್ಮ ಮುಂದಿಡುತ್ತಿದ್ದೇನೆ. ವಿಷಯ ಒಂದು ಹಳೆಯ ಗಿಟಾರು. ಅದರ ಮೈಮೇಲಿನ ಹೊಳಪು ಮತ್ತು ಅದರ ಅಂಚಿನ ಬಿಳಿಯ ಪಟ್ಟಿ.

ನಮ್ಮ ತಂದೆಯವರು ಕೋಲಾರ ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿದ್ದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿ ಕಾಲಿಟ್ಟಂದಿನಿಂದ ಗಣಿಯ ಊರು ಹತ್ತು ಕಡೆಯ ಜನರ ಊರಾಗಿ ಬೆಳೆದಿತ್ತು. ತಮಿಳರು, ತೆಲುಗರು, ಕನ್ನಡಿಗರು, ಇಂಗ್ಲಿಷರು, ಆಂಗ್ಲೋ-ಇಂಡಿಯನ್ನರು ಎಲ್ಲರೂ ಅಲ್ಲಿದ್ದರು. ನಮ್ಮ ಮನೆಯ ಹಿಂದಿನ ಸಾಲಿನಲ್ಲಿ ಒಂದು ಆಂಗ್ಲೋ-ಇಂಡಿಯನ್ ಕುಟುಂಬ ವಾಸವಾಗಿತ್ತು. ಶನಿವಾರದ ಸಂಜೆ ಅವರ ಜಗುಲಿಯಿಂದ ಗಿಟಾರಿನ ನಾದ ಕೇಳಿಬರುತ್ತಿತ್ತು. ನನ್ನ ಅಣ್ಣನಿಗೆ ಆಗ ಇಪ್ಪತ್ತು ವರ್ಷ. ಗಣಿಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದನು. ಸಂಜೆಯಾದರೆ ಆ ಜಗುಲಿಯ ಮೆಟ್ಟಿಲ ಮೇಲೆ ಕುಳಿತು, ಆ ಮನೆಯ ಹಿರಿಯರ ಬೆರಳುಗಳನ್ನೇ ನೋಡುತ್ತಿದ್ದನು. 1962ರ ಆರಂಭದಲ್ಲಿ ಆ ಕುಟುಂಬ ಇಂಗ್ಲೆಂಡಿಗೆ ಹೊರಟಿತು. ಮೇಜು ಕುರ್ಚಿಗಳನ್ನೆಲ್ಲ ಮಾರಿದರು. ಗಿಟಾರನ್ನು ಮಾತ್ರ ಮಾರಲಿಲ್ಲ. ಆ ಹಿರಿಯರು ಅದನ್ನು ತಾವೇ ತಂದು ಅಣ್ಣನ ಕೈಗಿತ್ತರು. ಅದು ಅವರಿಗೆ ಅವರ ತಂದೆಯಿಂದ ಬಂದದ್ದು.

ಇಂದಿನ ಗಿಟಾರುಗಳಿಗೆ ಹೋಲಿಸಿದರೆ ಅದು ಚಿಕ್ಕದು. ಸೊಂಟ ಸಣ್ಣದು, ಮೈ ಹಗುರ. ಮುಂಭಾಗ ತಿಳಿ ಬಣ್ಣದ ಮರ, ಹಿಂಭಾಗವೂ ಪಕ್ಕಗಳೂ ಕಡುಗಂದು ಬಣ್ಣದ ಬೀಟೆ. ಸುತ್ತಲೂ ಅಂಚಿನಲ್ಲಿ ದಂತದ ಬಣ್ಣದ ಸಣ್ಣ ಪಟ್ಟಿ. ಐವತ್ತು ವರ್ಷಗಳಿಗೂ ಮೀರಿ ಅಣ್ಣ ಅದನ್ನು ನುಡಿಸಿದನು. ಬಲಗೈಯ ಮುಂಗೈ ಊರುತ್ತಿದ್ದ ಮೇಲಂಚಿನ ಕಡೆ ಹೊಳಪು ಸವೆದು, ಒಂದು ಅಂಗೈ ಅಗಲದಷ್ಟು ಜಾಗ ಮಂಕಾಗಿತ್ತು. 2016ರಲ್ಲಿ ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯವರು ಗಿಟಾರನ್ನು ಅವನದೇ ಹಳೆಯ ಪಂಚೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು. ಕಳೆದ ವರ್ಷ ಅವರ ಮೊಮ್ಮಗಳು ಬೆಂಗಳೂರಿನಲ್ಲಿ ಗಿಟಾರ್ ಪಾಠಕ್ಕೆ ಸೇರಿದಳು. ಸಂಕ್ರಾಂತಿಗೆ ಮೈಸೂರಿಗೆ ಬರುವವಳಿದ್ದಳು. ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಮನೆಗೆ ಸೊಸೆಯಾಗಿ ಬಂದ ಅತ್ತಿಗೆ ನನ್ನನ್ನು ಇಂದಿಗೂ ಏಕವಚನದಲ್ಲೇ ಮಾತನಾಡಿಸುವುದು. "ಮಗು ಬರೋ ಹೊತ್ತಿಗೆ ಅದಕ್ಕೊಂದಿಷ್ಟು ಕಳೆ ಬರೋ ಹಾಗೆ ಮಾಡಪ್ಪ" ಎಂದರು.

ನಾನು ಮಾಡಿದ್ದೇನು ಗೊತ್ತೇ? ಇಂಜೆಕ್ಷನ್ನಿಗೆ ಮುಂಚೆ ಒರೆಸುವ ಸ್ಪಿರಿಟ್ ಮನೆಯಲ್ಲಿತ್ತು. ಕನ್ನಡಕದ ಗಾಜನ್ನೂ ಟೆಲಿಫೋನನ್ನೂ ಅದರಿಂದ ಒರೆಸಿ ಅಭ್ಯಾಸವಾಗಿದ್ದ ನಾನು, ಹತ್ತಿಗೆ ಸ್ಪಿರಿಟ್ ಹಾಕಿ ಗಿಟಾರಿನ ಹಿಂಭಾಗವನ್ನು ಉಜ್ಜಲಾರಂಭಿಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಕೊಳೆ ಬರುತ್ತಿದೆ ಎಂದು ಹಿಗ್ಗಿದೆ, ಇನ್ನಷ್ಟು ಉಜ್ಜಿದೆ. ಐದು ನಿಮಿಷದಲ್ಲಿ ಹತ್ತಿ ಮರಕ್ಕೆ ಅಂಟಿಕೊಂಡಿತು. ಬಿಡಿಸಿ ನೋಡಿದರೆ ಒಂದು ಅಂಗೈ ಅಗಲದ ಜಾಗದಲ್ಲಿ ಹೊಳಪೇ ಇಲ್ಲ. ಮಂಕಾದ ಒಣಮರ, ಅದರ ಮೇಲೆ ಹತ್ತಿಯ ಎಳೆಗಳು! ನನ್ನ ಎದೆ ಧಸಕ್ಕೆಂದಿತು. ಹಿಂಭಾಗದಿಂದ ಆರಂಭಿಸಿದ್ದೇ ಪುಣ್ಯ. ಮುಂಭಾಗದಲ್ಲಿ ಅಣ್ಣನ ಮುಂಗೈ ಸವೆಸಿದ ಜಾಗಕ್ಕೆ ಅದೇ ಹತ್ತಿಯನ್ನು ಒಯ್ದಿದ್ದರೆ ಅತ್ತಿಗೆಯವರ ಮುಖವನ್ನು ನಾನು ನೋಡುತ್ತಿದ್ದುದು ಹೇಗೆ?

ಅತ್ತಿಗೆಯವರಿಗೆ ಏನನ್ನೂ ಹೇಳದೆ ಗಿಟಾರನ್ನು ಮತ್ತೆ ಪಂಚೆಯಲ್ಲಿ ಸುತ್ತಿಕೊಂಡು, ನನಗೆ ಪರಿಚಯವಿದ್ದ ಒಬ್ಬ ವೃದ್ಧ ಕುಶಲಕರ್ಮಿಯ ಬಳಿಗೆ ಹೋದೆ. ಅವರದು ಮೂರು ತಲೆಮಾರಿನಿಂದ ಬೀಟೆಮರದ ಕುಸುರಿ ಕೆಲಸ ಮಾಡುತ್ತ ಬಂದ ಮನೆತನ. ಗಿಟಾರನ್ನು ಅವರು ಬೆಳಕಿಗೆ ಹಿಡಿದು ನೋಡಿದರು. ಉಗುರಿನಿಂದ ಮುಟ್ಟಿದರು. ತಂತಿ ಬಿಗಿಯುವ ಬಿರಡೆಗಳ ಹಿಂದೆ, ಯಾರಿಗೂ ಕಾಣದ ಕಡೆ, ಕಡ್ಡಿಯ ತುದಿಯಿಂದ ಒಂದು ಹನಿ ಸ್ಪಿರಿಟ್ ಇಟ್ಟು ಬೆರಳಾಡಿಸಿದರು. ಬೆರಳು ಅಂಟಿತು.

"ಮೇಷ್ಟ್ರೇ, ನೀವು ಒರೆಸಿದ್ದು ಕೊಳೆ ಅಲ್ಲ. ಅರಗು. ಪಾಲಿಶ್ಶನ್ನೇ ಒರೆಸಿಬಿಟ್ಟಿದ್ದೀರ" ಎಂದರು. ನಾನು ತಲೆತಗ್ಗಿಸಿದೆ. ಅವರು ನಕ್ಕು, "ಆದ್ರೆ ಯೋಚನೆ ಮಾಡ್ಬೇಡಿ. ಅರಗು ಆಗಿದ್ದಕ್ಕೇ ಬಚಾವ್" ಎಂದರು. ಈ ಎರಡನೆಯ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ. ಅದನ್ನು ತಿಳಿಯಲು ಹೊರಟಾಗಲೇ ಈ ಇತಿಹಾಸ ನನ್ನೆದುರು ತೆರೆದುಕೊಂಡದ್ದು.

ಅರಗು ಎಂದೊಡನೆ ನಮಗೆ ನೆನಪಾಗುವುದು ಪಾಂಡವರನ್ನು ಸುಡಲೆಂದು ವಾರಣಾವತದಲ್ಲಿ ಕಟ್ಟಿಸಿದ ಅರಗಿನ ಮನೆ. ಸಂಸ್ಕೃತದಲ್ಲಿ ಅದು ಲಾಕ್ಷಾಗೃಹ. ಈ ಅರಗನ್ನು ಕೊಡುವುದು ಒಂದು ಅತಿ ಸಣ್ಣ ಕೀಟ. ಮುತ್ತುಗ, ಬೋರೆ, ಕುಸುಮ್ ಮುಂತಾದ ಮರಗಳ ಎಳೆಯ ರೆಂಬೆಗಳ ಮೇಲೆ ಲಕ್ಷಾಂತರ ಸಂಖ್ಯೆಯಲ್ಲಿ ಕುಳಿತು ರಸ ಹೀರುತ್ತ, ತನ್ನ ಮೈಯನ್ನು ಮುಚ್ಚಿಕೊಳ್ಳಲು ಒಂದು ಅಂಟನ್ನು ಸ್ರವಿಸುತ್ತದೆ. ಅದು ಗಟ್ಟಿಯಾಗಿ ರೆಂಬೆಗೆ ತೊಗಟೆಯಂತೆ ಕಟ್ಟಿಕೊಳ್ಳುತ್ತದೆ. ಇಂದಿನ ಝಾರ್ಖಂಡದ ಛೋಟಾ ನಾಗಪುರದ ಕಾಡುಗಳು ಇದರ ದೊಡ್ಡ ನೆಲೆ. ಅಲ್ಲಿಯ ಆದಿವಾಸಿಗಳು ಕಡ್ಡಿಗಳಿಂದ ಕೆರೆದು ತಂದ ಅರಗನ್ನು ಪುಡಿಮಾಡಿ, ತೊಳೆದು, ಉದ್ದನೆಯ ಬಟ್ಟೆಯ ಚೀಲದಲ್ಲಿ ತುಂಬಿ, ಕೆಂಡದೆದುರು ಹಿಂಡುತ್ತಾರೆ. ಹೊರಬಂದ ಬಿಸಿ ಅರಗನ್ನು ಕೆಲಸಗಾರನು ಎರಡು ಕೈ, ಎರಡು ಪಾದ, ಜೊತೆಗೆ ಹಲ್ಲುಗಳಿಂದಲೂ ಹಿಡಿದೆಳೆದು ತೆಳುವಾದ ಹಾಳೆ ಮಾಡುತ್ತಾನೆ. ಅದು ಆರಿದ ಮೇಲೆ ಒಡೆದರೆ ಸಿಗುವ ಹೊಂಬಣ್ಣದ ಚೂರುಗಳೇ ಪಾಲಿಶ್ ಅಂಗಡಿಗಳಲ್ಲಿ 'ಚಪಡಾ' ಎಂದು ಮಾರುವ ವಸ್ತು.

ಯೂರೋಪಿನವರು ಮೊದಮೊದಲು ನಮ್ಮ ಅರಗನ್ನು ಹೆಚ್ಚಾಗಿ ಕೊಂಡದ್ದು ಅದರ ಕೆಂಪು ಬಣ್ಣಕ್ಕಾಗಿ. 19ನೆಯ ಶತಮಾನದ ಉತ್ತರಾರ್ಧದಲ್ಲಿ ರಾಸಾಯನಿಕ ಬಣ್ಣಗಳು ಬಂದು ಆ ವ್ಯಾಪಾರ ಕುಸಿಯಿತು. ಆದರೆ ಅಷ್ಟರೊಳಗೆ ಅಂಟಿನ ಭಾಗಕ್ಕೆ ಬೇರೆ ಬೇಡಿಕೆ ಹುಟ್ಟಿತ್ತು. ಚಪಡಾವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯನ್ನು ಬಟ್ಟೆಯಲ್ಲಿ ಕಟ್ಟಿದ ಗಂಟಿನಿಂದ ಮರದ ಮೇಲೆ ಸವರುವ ವಿದ್ಯೆ ಆ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಢಿಗೆ ಬಂದಿತು. ನಮ್ಮ ಬಡಗಿಗಳು ಇಂದಿಗೂ 'ಫ್ರೆಂಚ್ ಪಾಲಿಶ್' ಎನ್ನುವುದು ಅದನ್ನೇ. ಒಂದು ಸಲ ಬಳಿದು ಮುಗಿಸುವ ಕೆಲಸವಲ್ಲ ಅದು. ಗಂಟಿಗೆ ಒಂದು ತೊಟ್ಟು ಎಣ್ಣೆ ಸೋಕಿಸಿ, ವರ್ತುಲವಾಗಿ, ಎಂಟರ ಅಂಕಿಯಂತೆ, ಎಲ್ಲಿಯೂ ನಿಲ್ಲದೆ ಕೈಯಾಡಿಸಬೇಕು. ಹೀಗೆ ನೂರಾರು ಸಲ. ಕೊನೆಗೆ ಉಳಿಯುವ ಪದರ ಮಾತ್ರ ಕಾಗದಕ್ಕಿಂತ ತೆಳು. ಬೀಟೆಯಂಥ ರಂಧ್ರಗಳಿರುವ ಮರಕ್ಕಾದರೆ ಮೊದಲು ಪ್ಯೂಮಿಸ್ ಕಲ್ಲಿನ ನುಣುಪಾದ ಪುಡಿಯನ್ನು ಅರಗಿನೊಡನೆ ಉಜ್ಜಿ ರಂಧ್ರಗಳನ್ನು ಮುಚ್ಚಬೇಕು.

ತೆಳುವಾಗಿರುವುದು ಗಿಟಾರಿಗೆ ಬಹಳ ಮುಖ್ಯ. ಗಿಟಾರಿನ ನಾದವೆಲ್ಲ ಅದರ ಮುಂಭಾಗದ ಹಲಗೆಯ ಕಂಪನದಿಂದ ಹುಟ್ಟುವಂಥದು. ಇಂದಿನ ಶಾಸ್ತ್ರೀಯ ಗಿಟಾರಿನ ರೂಪವನ್ನು ನೆಲೆಗೊಳಿಸಿದ ಸ್ಪೇನ್ ದೇಶದ ಆಂಟೋನಿಯೊ ದೆ ತೊರ್ರೆಸ್ (1817-1892) ಇದನ್ನು ತೋರಿಸಲೆಂದೇ 1862ರಲ್ಲಿ ಹಿಂಭಾಗವನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದ ಮಾಡಿ, ಮುಂಭಾಗವನ್ನು ಮಾತ್ರ ಮರದಿಂದ ಮಾಡಿ ಒಂದು ಗಿಟಾರನ್ನು ಕಟ್ಟಿದನು. ಅಂತಹ ಹಲಗೆಯ ಮೇಲೆ ದಪ್ಪನೆಯ ಬಣ್ಣ ಬಳಿದರೆ ಹಾಡುವವನ ಬಾಯಿಗೆ ಕಂಬಳಿ ಹೊದಿಸಿದಂತೆ. ಆದ್ದರಿಂದಲೇ ಸ್ಪೇನಿನ ಗಿಟಾರು ಕಟ್ಟುವವರು ಅರಗಿನ ಪಾಲಿಶ್ಶನ್ನು ನೆಚ್ಚಿಕೊಂಡರು. ಇಂದಿಗೂ ಉತ್ತಮ ಶಾಸ್ತ್ರೀಯ ಗಿಟಾರುಗಳಿಗೆ ಅನೇಕರು ಅದನ್ನೇ ಬಳಸುತ್ತಾರೆ. ಹೀಗೆ ಝಾರ್ಖಂಡದ ಕಾಡಿನ ಕೀಟದ ಅಂಟು ಸ್ಪೇನಿನ ಸಂಗೀತದ ಮೈಗೆ ಹೊದಿಕೆಯಾಯಿತು. ಅದೇ ಅರಗನ್ನು ಬೆರೆಸಿಯೇ ನಮ್ಮ ಹಿರಿಯರು 'ಪ್ಲೇಟು' ಎನ್ನುತ್ತಿದ್ದ ಗ್ರಾಮಫೋನ್ ತಟ್ಟೆಗಳನ್ನೂ ಅಚ್ಚು ಹಾಕುತ್ತಿದ್ದರು.

ನಮ್ಮ ನಾಡಿಗೂ ಅರಗಿಗೂ ಹಳೆಯ ನಂಟು. ಚನ್ನಪಟ್ಟಣದ ಗೊಂಬೆಗಳ ಹೊಳಪು ಅರಗಿನದು. ಅಲ್ಲಿ ಸ್ಪಿರಿಟ್ ಇಲ್ಲ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದರೆ ತಿಕ್ಕಾಟದ ಬಿಸಿಗೆ ಅದು ಕರಗಿ ಮರಕ್ಕೆ ಹತ್ತುತ್ತದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಒಂದು ಅರಗಿನ ಕಾರ್ಖಾನೆ ಆರಂಭವಾಯಿತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಮಾಡುತ್ತ ಬಂದಿರುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆಯ ಮೂಲ ಅದೇ ಕಾರ್ಖಾನೆ. ನಿವೃತ್ತನಾಗುವ ತನಕ ಎಷ್ಟೋ ಚುನಾವಣೆಗಳಲ್ಲಿ ಮತಗಟ್ಟೆಯ ಅಧಿಕಾರಿಯಾಗಿ ಆ ಶಾಯಿಯ ಸೀಸೆಯನ್ನು ಕೈಯಲ್ಲಿ ಹಿಡಿದಿದ್ದೇನೆ. ಅದರ ಹಿಂದೆ ಅರಗಿದೆ ಎಂಬುದು ನನಗೆ ಹೊಳೆದಿರಲಿಲ್ಲ.

ಇನ್ನು ಅಂಚಿನ ಪಟ್ಟಿಯ ವಿಚಾರ. ಅದು ಕೇವಲ ಅಲಂಕಾರವೆಂದು ನಾನು ಭಾವಿಸಿದ್ದೆ. ಹಾಗಲ್ಲ. ಮುಂಭಾಗದ ಹಲಗೆ ಪಕ್ಕದ ಮರಕ್ಕೆ ಸೇರುವ ಕಡೆ ಮರದ ಎಳೆಗಳ ತುದಿ ಬಯಲಾಗಿರುತ್ತದೆ. ತೇವ ಒಳನುಗ್ಗುವುದೂ, ಏಟು ಬಿದ್ದರೆ ಸೀಳುವುದೂ ಅಲ್ಲಿಯೇ. ಸೀರೆಗೆ ಫಾಲ್ ಹಚ್ಚುವಂತೆ ಆ ತುದಿಯನ್ನು ಕಾಯಲು ಹಚ್ಚುವುದೇ ಈ ಪಟ್ಟಿ. 19ನೆಯ ಶತಮಾನದ ಬೆಲೆಬಾಳುವ ಗಿಟಾರುಗಳಿಗೆ ಆನೆಯ ದಂತದ ಪಟ್ಟಿ ಹಚ್ಚುತ್ತಿದ್ದರು. ಜರ್ಮನಿಯ ಸ್ಯಾಕ್ಸನಿಯಿಂದ 1833ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಸ್ಥಾಪಿಸಿದ ಹೆಸರಾಂತ ಸಂಸ್ಥೆಯ ದುಬಾರಿ ಗಿಟಾರುಗಳಲ್ಲಿ ದಂತವಿತ್ತು.

ದಂತ ಸುಲಭವಾಗಿ ಸಿಗುವ ವಸ್ತುವಲ್ಲ. ಅದರ ಬದಲಿಗೆ ಬೇರೊಂದನ್ನು ಹುಡುಕುವ ಪ್ರಯತ್ನದಲ್ಲಿ ಹುಟ್ಟಿದ್ದು ಸೆಲ್ಯುಲಾಯ್ಡ್. 1840ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ರಸಾಯನಶಾಸ್ತ್ರಜ್ಞ ಶೋನ್‌ಬೈನ್, ಹತ್ತಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ನೆನೆಸಿದರೆ ಅದು ಸಿಡಿಮದ್ದಾಗುತ್ತದೆ ಎಂದು ಕಂಡುಕೊಂಡನು. ಆ ಹತ್ತಿಯ ಸೌಮ್ಯ ರೂಪವನ್ನು ಬಳಸಿ ಇಂಗ್ಲೆಂಡಿನ ಅಲೆಕ್ಸಾಂಡರ್ ಪಾರ್ಕ್ಸ್ ಒಂದು ಹೊಸ ಪದಾರ್ಥವನ್ನು 1862ರ ಲಂಡನ್ ಪ್ರದರ್ಶನದಲ್ಲಿ ಇಟ್ಟನು. ಅಮೆರಿಕದಲ್ಲಿ ಬಿಲಿಯರ್ಡ್ಸ್ ಚೆಂಡುಗಳಿಗೆ ದಂತದ ಬದಲು ಬೇರೆ ವಸ್ತು ಹುಡುಕಿದವರಿಗೆ ಹತ್ತು ಸಾವಿರ ಡಾಲರ್ ಬಹುಮಾನವೆಂದು ಘೋಷಣೆಯಾಗಿತ್ತು. ಅದರ ಬೆನ್ನು ಹತ್ತಿದ ಜಾನ್ ವೆಸ್ಲಿ ಹಯಾಟ್, ಆ ಹತ್ತಿಗೆ ಕರ್ಪೂರ ಬೆರೆಸಿ ಬಿಸಿಮಾಡಿ ಒತ್ತಿದರೆ ಬೇಕಾದ ಆಕಾರಕ್ಕೆ ಬಾಗುವ, ಆರಿದ ಮೇಲೆ ಗಟ್ಟಿಯಾಗುವ ವಸ್ತು ದೊರೆಯುತ್ತದೆ ಎಂದು ಕಂಡು 1870ರಲ್ಲಿ ಹಕ್ಕುಪತ್ರ ಪಡೆದನು. ಹೌದು, ನಾವು ಮಂಗಳಾರತಿಗೆ ಹಚ್ಚುವ ಕರ್ಪೂರವೇ! ಅಂದು ಜಗತ್ತಿಗೆ ಬೇಕಾದ ಕರ್ಪೂರದ ಬಹುಪಾಲು ತೈವಾನಿನ ಕಾಡುಗಳಿಂದ ಬರುತ್ತಿತ್ತು. 1895ರಲ್ಲಿ ಆ ದ್ವೀಪವನ್ನು ವಶಪಡಿಸಿಕೊಂಡ ಜಪಾನ್ ಸರ್ಕಾರ 1899ರಲ್ಲಿ ಕರ್ಪೂರದ ವ್ಯಾಪಾರವನ್ನೇ ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು.

ಬಾಚಣಿಗೆ, ಬೊಂಬೆ, ಸಿನಿಮಾ ರೀಲು ಎಲ್ಲವೂ ಸೆಲ್ಯುಲಾಯ್ಡ್‌ಮಯವಾದ ಆ ಕಾಲದಲ್ಲಿ ಗಿಟಾರಿನ ಅಂಚೂ ಸೆಲ್ಯುಲಾಯ್ಡ್ ಆಯಿತು. ದಂತದ ಎಳೆಗಳನ್ನು ಅನುಕರಿಸುವ ಗೆರೆಗಳನ್ನು ಕೂಡ ಅದರಲ್ಲಿ ಮೂಡಿಸಿದರು. ಮಾರ್ಟಿನ್ ಸಂಸ್ಥೆಯೂ 1910ರ ದಶಕದ ಕೊನೆಯ ಹೊತ್ತಿಗೆ ದಂತವನ್ನು ಬಿಟ್ಟಿತು. ನಮ್ಮ ಕುಶಲಕರ್ಮಿ ಇದನ್ನು ಪರೀಕ್ಷಿಸಿದ ರೀತಿ ಸೊಗಸಾಗಿತ್ತು. ಅಂಚಿನ ಪಟ್ಟಿಯನ್ನು ಒಣ ಬಟ್ಟೆಯಿಂದ ಬಿಸಿಯಾಗುವ ತನಕ ಉಜ್ಜಿ ನನ್ನ ಮೂಗಿನ ಬಳಿ ಹಿಡಿದರು. ನೂರು ವರ್ಷದ ಆ ಪಟ್ಟಿಯಿಂದ ನವಿರಾಗಿ ಕರ್ಪೂರದ ವಾಸನೆ ಬಂದಿತು. ದೇವರ ಮನೆಯಲ್ಲಿ ನಿಂತಂತಾಯಿತು ನನಗೆ. ಅವರ ಮನೆತನದ ಕಥೆಯೂ ಇದರಂತೆಯೇ. ಮೈಸೂರಿನ ಬೀಟೆಯ ಕುಸುರಿಯಲ್ಲಿ ಹಿಂದೆ ಆನೆಯ ದಂತವನ್ನು ಕೂರಿಸುತ್ತಿದ್ದರು. 1986ರ ಕಾಯಿದೆ ತಿದ್ದುಪಡಿಯಿಂದ ನಮ್ಮ ಆನೆಗಳ ದಂತದ ವ್ಯಾಪಾರವೂ, 1991ರದರಿಂದ ಆಫ್ರಿಕದ ದಂತದ ವ್ಯಾಪಾರವೂ ನಿಂತವು. ಕುಸುರಿಯವರು ಬಿಳಿಯ ಮರಕ್ಕೂ ಪ್ಲಾಸ್ಟಿಕ್ಕಿಗೂ ಹೊರಳಿದರು. "ನಮ್ಮಪ್ಪ ದಂತ ಕೊರೆದ್ರು, ನಾನು ಪ್ಲಾಸ್ಟಿಕ್ ಕೊರೆದೆ. ಆನೆ ಉಳೀತಲ್ಲ, ಅಷ್ಟು ಸಾಕು" ಎಂದರು ಅವರು.

ಸಿಡಿಮದ್ದಿನ ಅದೇ ಹತ್ತಿ ಮುಂದೆ ಅಂಚಿನಿಂದ ಗಿಟಾರಿನ ಮೈಗೂ ಹರಡಿತು. ಅದನ್ನು ದ್ರಾವಕದಲ್ಲಿ ಕರಗಿಸಿ ಸಿಂಪಡಿಸುವ 'ಡ್ಯೂಕೋ' ಎಂಬ ಬಣ್ಣವನ್ನು ಡ್ಯುಪಾಂಟ್ ಸಂಸ್ಥೆ ತಯಾರಿಸಿತು. 1923ರಲ್ಲಿ ಜನರಲ್ ಮೋಟಾರ್ಸಿನ ಓಕ್‌ಲೆಂಡ್ ಕಾರುಗಳಿಗೆ ಅದನ್ನು ಬಳಸಲಾಯಿತು. ವಾರಗಟ್ಟಲೆ ಒಣಗಬೇಕಾಗಿದ್ದ ಕಾರಿನ ಬಣ್ಣ ಗಂಟೆಗಳಲ್ಲಿ ಒಣಗತೊಡಗಿತು. ನಮ್ಮ ಬಡಗಿಗಳೂ ಗ್ಯಾರೇಜಿನವರೂ ಇಂದಿಗೂ ಸಿಂಪಡಿಸುವ ಬಣ್ಣಕ್ಕೆ 'ಡ್ಯೂಕೋ' ಎನ್ನುವುದು ಆ ನೆನಪಿನಿಂದ. ನೂರಾರು ಸಲ ಕೈಯಾಡಿಸಬೇಕಾದ ಅರಗಿಗಿಂತ ಇದು ಕಾರ್ಖಾನೆಗೆ ಹೇಳಿ ಮಾಡಿಸಿದಂಥದು. 1920ರ ದಶಕ ಮುಗಿಯುವಷ್ಟರಲ್ಲಿ ಅಮೆರಿಕದ ಗಿಟಾರು ಕಾರ್ಖಾನೆಗಳು ಈ ಲ್ಯಾಕರಿಗೆ ಬದಲಾದವು. 1960ರ ದಶಕದ ಕೊನೆಯಿಂದ ಅದಕ್ಕೂ ಗಟ್ಟಿಯಾದ ಪಾಲಿಯೆಸ್ಟರ್, ಪಾಲಿಯುರೆಥೇನ್ ಲೇಪಗಳು ಬಂದವು.

ಬೀಟೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಬಹುಕಾಲ ಅಮೆರಿಕ ಮತ್ತು ಯೂರೋಪಿನ ಉತ್ತಮ ಗಿಟಾರುಗಳ ಹಿಂಭಾಗಕ್ಕೆ ಬ್ರೆಜಿಲ್ ದೇಶದ ಬೀಟೆಯೇ ಬೇಕಿತ್ತು. 1960ರ ದಶಕದಲ್ಲಿ ಬ್ರೆಜಿಲ್ ಸರ್ಕಾರ ಕೊಯ್ಯದ ದಿಮ್ಮಿಗಳ ರಫ್ತನ್ನು ತಡೆಯಿತು. ಆಗ ಮಾರ್ಟಿನ್ ಸಂಸ್ಥೆ 1969ರಲ್ಲಿ ಭಾರತದ ಬೀಟೆಯತ್ತ ತಿರುಗಿತು. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಮರವದು. ಬ್ರೆಜಿಲ್ ಬೀಟೆಯ ವ್ಯಾಪಾರವನ್ನು ಸೈಟಿಸ್ ಒಪ್ಪಂದ 1992ರಲ್ಲಿ ಬಹುತೇಕ ನಿಷೇಧಿಸಿತು. 2017ರಲ್ಲಿ ಬೀಟೆಯ ಕುಲದ ಎಲ್ಲ ಮರಗಳನ್ನೂ ನಿಯಂತ್ರಣಕ್ಕೆ ತಂದು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ನೀಡಿತು. ಬ್ರೆಜಿಲ್ ಬೀಟೆಯ ನಿಷೇಧ ಮಾತ್ರ ಹಾಗೆಯೇ ಉಳಿಯಿತು. ಕೋಲಾರದ ಜಗುಲಿಯಲ್ಲಿ ಕೇಳಿದ ನಾದಕ್ಕೆ ಇಷ್ಟೊಂದು ಕಾಡುಗಳು ಸೇರಿಕೊಂಡಿವೆಯೆಂದು ಯಾರಿಗೆ ಗೊತ್ತಿತ್ತು!

ಈಗ 'ಅರಗು ಆಗಿದ್ದಕ್ಕೇ ಬಚಾವ್' ಎಂಬ ಮಾತಿಗೆ ಬರುತ್ತೇನೆ. ಪಾಲಿಯುರೆಥೇನ್ ಲೇಪ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಸ್ಪಿರಿಟ್ ಒರೆಸಿದರೂ ಅದಕ್ಕೇನೂ ಆಗದು. ಆದರೆ ಚಕ್ಕೆಯೆದ್ದು ಹೋದರೆ ಅಲ್ಲಿಗೆ ಹಚ್ಚಿದ ಹೊಸ ಲೇಪ ಹಳೆಯದರೊಡನೆ ಒಂದಾಗದೆ ತೇಪೆಯಂತೆ ಕಾಣುತ್ತದೆ. ಅರಗು ಹಾಗಲ್ಲ. ನೂರು ವರ್ಷ ಕಳೆದರೂ ಸ್ಪಿರಿಟ್ ತಾಗಿದೊಡನೆ ಅದು ಮೆತ್ತಗಾಗುತ್ತದೆ. ಆ ದೌರ್ಬಲ್ಯದಿಂದಲೇ ನಾನು ಅದನ್ನು ಹಾಳುಮಾಡಲು ಸಾಧ್ಯವಾಯಿತು. ಅದೇ ಗುಣದಿಂದ ಅದನ್ನು ಸರಿಪಡಿಸಲೂ ಸಾಧ್ಯವಾಯಿತು. ಹೊಸ ಅರಗನ್ನು ಸವರಿದಾಗ ಅದರಲ್ಲಿರುವ ಸ್ಪಿರಿಟ್ ಹಳೆಯ ಪದರವನ್ನು ಕೊಂಚ ಕರಗಿಸಿ ಎರಡನ್ನೂ ಬೆಸೆಯುತ್ತದೆ. ಕನ್ನಡದಲ್ಲಿ 'ಅರಗು' ಎಂದರೆ ಜೀರ್ಣವಾಗು ಎಂಬ ಅರ್ಥವೂ ಉಂಟಷ್ಟೆ. ಹೊಸದು ಹಳೆಯದರೊಳಗೆ ಅರಗಿಹೋಗುತ್ತದೆ.

ಕೆಲಸ ಮೂರು ವಾರ ನಡೆಯಿತು. ನಾನು ಪ್ರತಿದಿನ ಹೋಗಿ ಶಿಷ್ಯನಂತೆ ಕುಳಿತೆ. ಮೊದಲು ಕೊಳೆ ತೆಗೆಯುವುದು. ಮೆತ್ತನೆಯ ಬಟ್ಟೆಗೆ ನೀರು ತಾಗಿತೋ ಇಲ್ಲವೋ ಎನ್ನುವಷ್ಟು ಮಾತ್ರ ಒದ್ದೆ ಮಾಡಿ ಒರೆಸಿದೆವು. ಹೋಗದೆ ಉಳಿದ ಜಿಡ್ಡಿಗೆ ಅವರು ಹೇಳಿದ ಉಪಾಯ ಕೇಳಿ ನಾನು ಬೆಚ್ಚಿದೆ. ಕಡ್ಡಿಗೆ ಸುತ್ತಿದ ಹತ್ತಿಯನ್ನು ಎಂಜಲಿನಲ್ಲಿ ಒದ್ದೆ ಮಾಡಿ ಉರುಳಿಸಬೇಕಂತೆ! ಸರಸ್ವತಿಯ ವಾದ್ಯಕ್ಕೆ ಎಂಜಲೇ ಎಂದು ಮನಸ್ಸು ಹಿಂಜರಿಯಿತು. ಆದರೆ ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಚಿತ್ರಗಳನ್ನೂ ಪ್ರತಿಮೆಗಳನ್ನೂ ಶುಚಿಗೊಳಿಸುವವರು ಇದನ್ನೇ ಮಾಡುತ್ತಾರೆಂದೂ, ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಕೊಳೆಯನ್ನು ಬಿಡಿಸುತ್ತದೆ ಎಂದು ತೋರಿಸಿದ ಪೋರ್ಚುಗಲ್ಲಿನ ಸಂಶೋಧಕರಿಗೆ 2018ರಲ್ಲಿ ಇಗ್ ನೊಬೆಲ್ ಎಂಬ ವಿನೋದದ ಬಹುಮಾನ ಬಂದಿತೆಂದೂ ಆಮೇಲೆ ಓದಿ ಸಮಾಧಾನವಾಯಿತು.

ಬಿರಡೆಗಳ ಲೋಹಕ್ಕೆ ನಿಕ್ಕಲ್ ಲೇಪ. ಅದು ತೀರ ತೆಳು. ಹುಣಸೆಹಣ್ಣಿನಿಂದಲೋ ಪಾತ್ರೆಯ ಪುಡಿಯಿಂದಲೋ ತಿಕ್ಕಿದರೆ ಕೆಳಗಿನ ಹಿತ್ತಾಳೆ ಕಾಣಿಸಿಕೊಳ್ಳುತ್ತದೆ. ಒಣ ಬಟ್ಟೆಯಿಂದ ಒರೆಸಿ, ತಿರುಗುವ ಹಲ್ಲುಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು ನಿಲ್ಲಿಸಿದೆವು. ಕುತ್ತಿಗೆಯ ಮೇಲಿನ ಮೆಟ್ಟಿಲುಗಳು ಜರ್ಮನ್ ಸಿಲ್ವರ್; ಹೆಸರಿಗೆ ಬೆಳ್ಳಿ, ಇರುವುದು ತಾಮ್ರ, ನಿಕ್ಕಲ್, ಸತು. ನಡುವಿನ ಮರಕ್ಕೆ ಕಾಗದದ ಅಂಟುಪಟ್ಟಿ ಹಚ್ಚಿ ಮುಚ್ಚಿ, ಅವನ್ನು ಮಾತ್ರ ಉಜ್ಜಿದೆವು. ನೋಡನೋಡುತ್ತಿದ್ದಂತೆ ಅವು ಬೆಳ್ಳಿಯ ಗೆರೆಗಳಾದವು.

ಅಂಚಿನ ಪಟ್ಟಿ ಹಳದಿಗಟ್ಟಿತ್ತು. ಅದನ್ನು ಕೆರೆದು ಬೆಳ್ಳಗೆ ಮಾಡೋಣವೆಂದು ನಾನೆಂದಾಗ ಅವರು ಒಪ್ಪಲಿಲ್ಲ. ಹಳದಿಯ ಒಂದು ಪಾಲು ಮೇಲಿನ ಅರಗಿನದು, ಇನ್ನೊಂದು ಪಾಲು ಸೆಲ್ಯುಲಾಯ್ಡಿನ ವಯಸ್ಸು. ಕೆರೆದರೆ ಎರಡೂ ಹೋಗುತ್ತವೆ, ಪಟ್ಟಿಯೂ ತೆಳುವಾಗುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಇಟ್ಟರೆ ಹಳೆಯ ಸೆಲ್ಯುಲಾಯ್ಡಿನಿಂದ ಹೊರಡುವ ಆಮ್ಲದ ಆವಿ ಅಲ್ಲಿಯೇ ನಿಂತು ಪಟ್ಟಿಯನ್ನೇ ಪುಡಿಮಾಡುತ್ತದೆ, ಲೋಹಕ್ಕೂ ಕಿಲುಬು ಹಿಡಿಸುತ್ತದೆ. ಅತ್ತಿಗೆಯವರು ಹತ್ತಿಯ ಪಂಚೆಯಲ್ಲಿ ಸುತ್ತಿಟ್ಟಿದ್ದರಿಂದಲೇ ಅದು ಉಳಿದಿತ್ತು. ಅವರಿಗೆ ರಸಾಯನಶಾಸ್ತ್ರ ಗೊತ್ತಿಲ್ಲ. ಅಣ್ಣನ ಪಂಚೆಯಲ್ಲಿರಲಿ ಎಂದು ಇಟ್ಟವರು.

ಹಿಂಭಾಗದಲ್ಲಿ ನಾನು ಕೆಡಿಸಿದ ಜಾಗಕ್ಕೆ ಅವರು ಪ್ಯೂಮಿಸ್ ಪುಡಿ ಉಜ್ಜಿ, ತೆಳುವಾದ ಅರಗನ್ನು ದಿನಕ್ಕೆ ಹತ್ತು ನಿಮಿಷದಂತೆ ಸವರುತ್ತ ಹೋದರು. ಹದಿನೈದನೆಯ ದಿನ ನನ್ನ ತಪ್ಪಿನ ಅಂಚು ಎಲ್ಲಿತ್ತೆಂದು ನನಗೇ ಗುರುತಿಸಲಾಗಲಿಲ್ಲ. ಅನಂತರ ಅವರು ಗಿಟಾರನ್ನು ಮಗುಚಿ, ಮುಂಭಾಗದ ಮಂಕಾದ ಜಾಗವನ್ನು ತೋರಿಸಿ, "ಇದನ್ನೂ ಮುಚ್ಲಾ? ಎರಡು ದಿನದ ಕೆಲಸ" ಎಂದರು. ನನಗೆ ಉತ್ತರಿಸುವ ಅಧಿಕಾರವಿರಲಿಲ್ಲ. ಗಿಟಾರನ್ನು ಮನೆಗೆ ತಂದು, ಅತ್ತಿಗೆಯವರ ಮುಂದಿಟ್ಟು, ನನ್ನ ಅವಿವೇಕವನ್ನೆಲ್ಲ ಒಪ್ಪಿಕೊಂಡು, ಈ ಪ್ರಶ್ನೆಯನ್ನು ಕೇಳಿದೆ.

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆ ಮಂಕಾದ ಜಾಗದ ಮೇಲೆ ಅಂಗೈಯಿಟ್ಟುಕೊಂಡು ಕುಳಿತರು. "ನಾನು ಕಳೆ ಬರ್ಲಿ ಅಂದಿದ್ದು ಧೂಳು ಹೋಗ್ಲಿ ಅಂತ. ಇದು ಧೂಳಲ್ಲ ಕಣಪ್ಪ. ಇದನ್ನ ಮಾತ್ರ ಮುಟ್ಟಿಸ್ಬೇಡ" ಎಂದರು.

ಆದರೆ ಅಲ್ಲಿ ಬರಿಯ ಮರ ಬಯಲಾಗಿತ್ತು. ಹಾಗೆಯೇ ಬಿಟ್ಟರೆ ಬೆವರು ಇಳಿದು ಮರ ಕಪ್ಪಾಗಿ ಮೆತ್ತಗಾಗುವುದೆಂದು ಕುಶಲಕರ್ಮಿ ಹೇಳಿದ್ದರು. ಎರಡು ದಿನ ಯೋಚಿಸಿ ಒಂದು ದಾರಿ ಕಂಡುಕೊಂಡೆವು. ಹೊಳಪು ಬರದಂತೆ, ಬರಿಯ ರಕ್ಷಣೆಗೆಂದು ನೀರಿನಂತೆ ತೆಳುವಾದ ಅರಗನ್ನು ಎರಡೇ ಸಲ ಅಲ್ಲಿ ಸವರಿದರು. ಸವೆತದ ಗುರುತು ಹಾಗೆಯೇ ಉಳಿಯಿತು, ಮರವೂ ಉಳಿಯಿತು. ಕೂಲಿಯೆಷ್ಟೆಂದು ಕೇಳಿದಾಗ ಆ ಹಿರಿಯರು ಆ ಎರಡು ಸಲದ್ದಕ್ಕೆ ಹಣ ಬೇಡವೆಂದರು.

ಸಂಕ್ರಾಂತಿಗೆ ಮಗು ಬಂದಳು. ಹಗುರವಾದ ನೈಲಾನ್ ತಂತಿಗಳನ್ನು ಕಟ್ಟಿಸಿಟ್ಟಿದ್ದೆ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ತಡವರಿಸುತ್ತ ತನ್ನ ಪಾಠವನ್ನು ನುಡಿಸಿದಳು. ಅವಳ ತೋಳು ಚಿಕ್ಕದು. ಮುಂಗೈ ಅಣ್ಣನ ಗುರುತಿನ ಮೇಲೆ ಕೂರದೆ ನಾಲ್ಕು ಬೆರಳು ಈಚೆಗೆ, ಇನ್ನೂ ಹೊಳೆಯುತ್ತಿದ್ದ ಕಡೆ ಕುಳಿತಿತು. ಅತ್ತಿಗೆಯವರು ಅದನ್ನೇ ನೋಡುತ್ತಿದ್ದರು.

ಮಿತ್ರರೇ, ನಿಮ್ಮ ಮನೆಯಲ್ಲಿಯೂ ಅಟ್ಟದ ಮೇಲೆ ಹಾರ್ಮೋನಿಯಮ್ಮೋ ಪಿಟೀಲೋ ವೀಣೆಯೋ ಇದ್ದೀತು. ಅದಕ್ಕೆ ಹೊಳಪು ತರುವ ಮನಸ್ಸಾದರೆ ಮೊದಲು ಒಣಗಿದ ಮೆತ್ತನೆಯ ಬಟ್ಟೆ ಹಿಡಿಯಿರಿ. ಬೇರೇನನ್ನಾದರೂ ಬಳಸುವ ಮುನ್ನ ಕಾಣದ ಮೂಲೆಯಲ್ಲಿ ಒಂದೇ ಹನಿ ಇಟ್ಟು ನೋಡಿ, ಬಲ್ಲವರನ್ನು ಕೇಳಿ. ಸ್ಪಿರಿಟ್ಟಿನ ಸೀಸೆಯನ್ನು ಮಾತ್ರ ಔಷಧಿಯ ಪೆಟ್ಟಿಗೆಯಲ್ಲಿಯೇ ಇರಲು ಬಿಡಿ.